ಸ್ಯಾಂಡ್‌ವಿಚ್ ಬೇಡವೆನ್ನಬೇಡಿ, ರೊಟ್ಟಿಯನ್ನು ಮಡಚಿ ಕೊಡಿ



ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: "ಡಾಕ್ಟ್ರೇ, ಶಾಲೆ ಡಬ್ಬಿಗೆ ಮಗ ಸ್ಯಾಂಡ್‌ವಿಚ್ಚೇ ಬೇಕು ಅಂತಾನೆ, ಕೊಡಬಹುದೇನ್ರಿ?" ಜೊತೆಯಲ್ಲಿ ಬಂದ ಅಜ್ಜನೋ ಅಜ್ಜಿಯೋ ನಮ್ಮ ಉತ್ತರಕ್ಕೆ ಕಾಯದೆ, "ಕೊಡಬಾರದು ಅಂತ ನೀವೇ ಹೇಳ್ರಿ, ನಮ್ಮ ಮಾತು ಯಾರು ಕೇಳ್ತಾರೆ?" ಎನ್ನುವುದೂ ಉಂಟು. ಒಂದೇ ಮನೆಯ ಎರಡು ತಲೆಮಾರುಗಳು ವೈದ್ಯನನ್ನು ಪಂಚಾಯಿತಿಗೆ ಕೂರಿಸುವ ಈ ವ್ಯಾಜ್ಯ ಸಣ್ಣದೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ, ಹತ್ತು ವರ್ಷಗಳ ಶಾಲಾಜೀವನದಲ್ಲಿ ಒಂದು ಮಗು ತೆರೆಯುವ ಊಟದ ಡಬ್ಬಿಗಳ ಸಂಖ್ಯೆ ಎರಡು ಸಾವಿರವನ್ನು ಮೀರುತ್ತದೆ. ಅಷ್ಟು ಬಾರಿ ಒಳಗೆ ಹೋದ ಪದಾರ್ಥವು ಆ ಮಗುವಿನ ಶರೀರವನ್ನೂ ನಾಲಗೆಯನ್ನೂ ರೂಪಿಸದೆ ಬಿಡದು.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇವೆ. ಸ್ಯಾಂಡ್‌ವಿಚ್ ಎಂಬ ಕ್ರಮದಲ್ಲಿ ದೋಷವಿಲ್ಲ. ಹೊದಿಕೆ ಯಾವುದು, ನಡುವಿನ ಹೂರಣ ಯಾವುದು, ಎಷ್ಟು, ಯಾವ ಹೊತ್ತಿನಲ್ಲಿ ಎಂಬುವುಗಳ ಮೇಲೆ ಅದರ ಗುಣವೂ ದೋಷವೂ ನಿಂತಿವೆ. ಒಂದು ಕೈಯಲ್ಲಿ ಹಿಡಿದು, ಬಟ್ಟೆಗೆ ಸೋರದಂತೆ, ಹತ್ತು ಹದಿನೈದು ನಿಮಿಷಗಳ ಬಿಡುವಿನಲ್ಲಿ ಗೆಳೆಯರೊಡನೆ ತಿಂದು ಮುಗಿಸಬಹುದಾದ ಊಟವನ್ನು ಮಗು ಬೇಡುತ್ತಿದೆ. ಆ ಸೌಕರ್ಯವನ್ನು ನಮ್ಮ ಜೋಳದ ರೊಟ್ಟಿಯೂ ಕೊಡಬಲ್ಲದು. ಬೇಡವೆಂದು ಗದರಿಸುವುದಕ್ಕಿಂತ ರೊಟ್ಟಿಯನ್ನು ಮಡಚಿ ಕೊಡುವುದು ಲೇಸು.

ಮಡಚಿ ತಿನ್ನುವುದು ನಮಗೆ ಹೊಸತೇ?

ಸ್ಯಾಂಡ್‌ವಿಚ್ ಎಂಬುದು ಮೂಲತಃ ಇಂಗ್ಲೆಂಡಿನ ಒಂದು ಊರಿನ ಹೆಸರು. 1718ರಿಂದ 1792ರವರೆಗೆ ಬದುಕಿದ್ದ ಜಾನ್ ಮಾಂಟೆಗು ಎಂಬ ಶ್ರೀಮಂತನು ಆ ಊರಿನ ಹೆಸರಿನ ಪದವಿಯನ್ನು ಹೊಂದಿದ್ದನು. ಆತನು ಜೂಜಿನ ಮೇಜು ಬಿಟ್ಟೇಳಲು ಮನಸ್ಸಿಲ್ಲದೆ, ಎರಡು ಬ್ರೆಡ್ಡಿನ ಹೋಳುಗಳ ನಡುವೆ ತನ್ನ ಆಹಾರವನ್ನಿರಿಸಿ ತರುವಂತೆ ಸೇವಕರಿಗೆ ಹೇಳುತ್ತಿದ್ದನೆಂಬ ಕಥೆ ಪ್ರಚಲಿತವಾಗಿದೆ. ಅದು ಜೂಜಿನ ಮೇಜಲ್ಲ, ಕಚೇರಿಯ ಮೇಜು ಎಂದು ವಾದಿಸುವವರೂ ಇದ್ದಾರೆ. ಯಾವುದೇ ಆಗಲಿ, ಕುಳಿತ ಕಡೆಯಿಂದ ಏಳಲಾಗದವನು, ಕೈಗೆ ಜಿಡ್ಡು ಅಂಟಬಾರದೆಂದು ಬಯಸಿದವನು ಕಂಡುಕೊಂಡ ಉಪಾಯವದು.

ಅಂತಹ ಅವಶ್ಯಕತೆ ನಮ್ಮ ಹಿರಿಯರಿಗೂ ಇತ್ತು. ಹೊಲದಲ್ಲಿ ಕಳೆ ತೆಗೆಯುವ ತಾಯಿಗೆ, ಎತ್ತಿನ ಹಿಂದೆ ನಡೆಯುವ ರೈತನಿಗೆ, ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಕಾರ್ಮಿಕನಿಗೆ, 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೆ ಬೆಳಗಿನಲ್ಲೇ ಹೊರಡುತ್ತಿದ್ದವನಿಗೆ ತಟ್ಟೆ, ಬಟ್ಟಲು, ಪಂಕ್ತಿಗಳ ಅನುಕೂಲ ಎಲ್ಲಿತ್ತು? ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಅಂಚಿಗೆ ಕೆಂಪು ಖಾರ ಹಚ್ಚಿ, ಮೇಲೊಂದು ಪಲ್ಯ ಇಟ್ಟು, ಅರ್ಧಕ್ಕೆ ಮಡಚಿ ಬಟ್ಟೆಯಲ್ಲಿ ಕಟ್ಟಿದರೆ ಅದೇ ಬುತ್ತಿ. ಬಿಚ್ಚಿದಾಗ ಪಲ್ಯದ ರಸವನ್ನು ರೊಟ್ಟಿ ಹೀರಿಕೊಂಡಿರುತ್ತಿತ್ತು. ಒಂದು ಈರುಳ್ಳಿಯನ್ನು ಗುದ್ದಿ ಒಡೆದುಕೊಂಡರೆ ಊಟ ಪೂರ್ಣವಾಗುತ್ತಿತ್ತು. ಮಕ್ಕಳಿಗೆ ಬಿಸಿ ಚಪಾತಿಗೆ ತುಪ್ಪ ಸವರಿ, ಸಕ್ಕರೆಯನ್ನೋ ಪುಡಿಬೆಲ್ಲವನ್ನೋ ಉದುರಿಸಿ, ಸುರುಳಿ ಸುತ್ತಿ ಕೈಗಿಡುತ್ತಿದ್ದ ತಾಯಂದಿರನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ?

ಮಠಗಳ ಜಾತ್ರೆಗಳನ್ನೇ ನೋಡಿ. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಅಂಗವಾಗಿ ನಡೆಯುವ ರೊಟ್ಟಿ ಜಾತ್ರೆ ನಾಡಿಗೇ ಪರಿಚಿತವಾದುದು. ಅಲ್ಲಿ ಜೋಳದ ರೊಟ್ಟಿಯೊಡನೆ ಕರಿಂಡಿ, ಬಜ್ಜಿಗಳನ್ನು ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ನೀಡುತ್ತಾರೆ. ರೊಟ್ಟಿಯೇ ತಟ್ಟೆ, ರೊಟ್ಟಿಯೇ ಊಟ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಬಂದು ಸೇರುತ್ತವೆ. ಹೊದಿಕೆಯ ನಡುವೆ ವ್ಯಂಜನವನ್ನಿರಿಸಿ ಕೈಯಲ್ಲಿ ಹಿಡಿದು ತಿನ್ನುವುದು ಪರಕೀಯವೆಂದು ಹೇಳುವ ಹಿರಿಯರು ಇವುಗಳನ್ನೊಮ್ಮೆ ನೆನೆಯಬೇಕೆಂದು ನಮ್ಮ ವಿನಂತಿ.

ಬ್ರೆಡ್ಡೂ ನಮ್ಮ ನಾಡಿಗೆ ನಿನ್ನೆ ಬಂದುದಲ್ಲ. ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದ ಅದು ಪಾವ್ ಎಂಬ ಅವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹಾಸನ ಜಿಲ್ಲೆಯ ಕಡೆಯಿಂದ ಹೊರಟ ಅಯ್ಯಂಗಾರ್ ಕುಟುಂಬಗಳು ಮೊಟ್ಟೆಯಿಲ್ಲದೆ ಬ್ರೆಡ್ಡು, ಬನ್ನು, ಬಿಸ್ಕತ್ತುಗಳನ್ನು ಸುಟ್ಟು ಮಾರಲು ತೊಡಗಿದ ಮೇಲೆ, ಬೇಕರಿಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಶಾಕಾಹಾರಿ ಮನೆತನಗಳಿಗೂ ಅದು ಒಗ್ಗಿತು. ಇಂದು ಕರ್ನಾಟಕದ ಯಾವ ಪಟ್ಟಣಕ್ಕೆ ಹೋದರೂ ಆ ಹೆಸರಿನ ಫಲಕವೊಂದು ಕಾಣದೆ ಇರುವುದಿಲ್ಲ.

ಬಡಾವಣೆಯ ಬಗೆಬಗೆಯ ರುಚಿಗಳು

ನಮ್ಮಲ್ಲಿಗೆ ಬರುವವರನ್ನು "ನಿಮಗೆ ಯಾವ ಸ್ಯಾಂಡ್‌ವಿಚ್ ಇಷ್ಟ? ಹೇಗೆ ಮಾಡುತ್ತೀರಿ?" ಎಂದು ಕೇಳುವುದು ನಮಗೊಂದು ಅಭ್ಯಾಸ. ನಾಡಿ ಹಿಡಿದಾಗ ತಿಳಿಯದ ಎಷ್ಟೋ ಸಂಗತಿಗಳು ಆ ಉತ್ತರಗಳಲ್ಲಿ ತಿಳಿಯುತ್ತವೆ.

ಕಾಲೇಜು ವಿದ್ಯಾರ್ಥಿಗಳಿಗೆ ಸಂಜೆಯ ಗಾಡಿಯ ಬಾಂಬೆ ಸ್ಯಾಂಡ್‌ವಿಚ್ ಪ್ರಿಯ: ಹಸಿರು ಚಟ್ನಿ ಸವರಿದ ಹೋಳುಗಳ ನಡುವೆ ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟು, ಸೌತೆ, ಟೊಮ್ಯಾಟೊ, ಈರುಳ್ಳಿಯ ಬಿಲ್ಲೆಗಳು. ಅದರ ಮೇಲೆ ಚೀಸ್ ತುರಿದು ಕಾಯಿಸಿದರೆ ಅವರ ದೃಷ್ಟಿಯಲ್ಲಿ ಅದಕ್ಕೆ ಮಿಗಿಲಿಲ್ಲ. ನಡುವಯಸ್ಸಿನವರಿಗೆ ಬೇಕರಿಯ ಮಸಾಲೆ ಟೋಸ್ಟು ಬೇಕು. ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡಿನ ಮೇಲೆ ಈರುಳ್ಳಿ, ಟೊಮ್ಯಾಟೊ, ಗಜ್ಜರಿ, ಕೊತ್ತಂಬರಿಗಳ ಒಗ್ಗರಣೆ. ಚಿಕ್ಕಮಕ್ಕಳದು ಜಾಮಿನ ಪಕ್ಷ. ಗೃಹಿಣಿಯರು ಬಹುಮಟ್ಟಿಗೆ ಬೆಳಗಿನ ದೋಸೆಗೆ ಮಾಡಿ ಉಳಿದ ಆಲೂಗಡ್ಡೆ ಪಲ್ಯವನ್ನು ಎರಡು ಹೋಳುಗಳ ನಡುವೆ ಒತ್ತಿ ಹಂಚಿನ ಮೇಲೆ ಕಾಯಿಸುತ್ತಾರೆ. ಬೆಣ್ಣೆ ದೋಸೆಯ ಊರಿನವರಾದ ನಮಗೆ ಬೆಣ್ಣೆ ಒಳಗಿರಬೇಕೋ ಹೊರಗಿರಬೇಕೋ ಎಂಬುದೂ ಚರ್ಚೆಯ ವಿಷಯವೇ. ಅಂಚು ಕತ್ತರಿಸಬೇಕೆನ್ನುವವರು, ಕತ್ತರಿಸಿದರೆ ಅನ್ನದೇವರಿಗೆ ಅಪಚಾರವೆನ್ನುವವರು, ತ್ರಿಕೋನಾಕಾರದಲ್ಲಿ ಕೊಯ್ದರೆ ಮಾತ್ರ ತಿನ್ನುವ ಮಕ್ಕಳು, ಹೀಗೆ ಬಗೆಬಗೆ. ಅಂಚಿನ ವಿಷಯದಲ್ಲಿ ನಾವು ಹಿರಿಯರ ಪಕ್ಷದಲ್ಲಿದ್ದೇವೆ. ತಟ್ಟೆಯಲ್ಲಿ ಅಗುಳು ಬಿಡಬಾರದೆಂದು ದಾಸೋಹದಲ್ಲಿ ಕಲಿತವರು ಬ್ರೆಡ್ಡಿನ ಅಂಚನ್ನು ಕಸಕ್ಕೆ ಹಾಕುವುದು ಸರಿಯಲ್ಲ. ಹಲ್ಲಿಗೆ ಸ್ವಲ್ಪವಾದರೂ ಕೆಲಸ ಕೊಡುವುದು ಆ ಅಂಚೇ.

ಹಲವು ಅಜ್ಜಂದಿರಂತೂ ನಮ್ಮ ಪ್ರಶ್ನೆಗೆ ನಕ್ಕು, "ನಮ್ಮದು ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮಡಚಿದ್ರೆ ಅದೇ ಸ್ಯಾಂಡ್‌ವಿಚ್ಚು" ಎನ್ನುತ್ತಾರೆ. ನಾವು ಈ ಲೇಖನದಲ್ಲಿ ಹೇಳಹೊರಟಿರುವುದೂ ಇದನ್ನೇ.

ಆಚಾರ್ಯರ ಎಂಟು ಅಂಶಗಳು

ಯಾವುದೇ ಆಹಾರದ ಹಿತಾಹಿತವನ್ನು ನಿರ್ಣಯಿಸಲು ಚರಕ ಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಎಂಟು ಅಂಶಗಳನ್ನು ಹೇಳಲಾಗಿದೆ: ಪದಾರ್ಥದ ಪ್ರಕೃತಿ, ಅದಕ್ಕೆ ಮಾಡಿದ ಸಂಸ್ಕಾರ, ಅದು ಸೇರುವ ಸಂಯೋಗ, ಪ್ರಮಾಣ, ದೇಶ, ಕಾಲ, ತಿನ್ನುವ ನಿಯಮ, ಕೊನೆಯದಾಗಿ ತಿನ್ನುವವನು. ಸ್ಯಾಂಡ್‌ವಿಚ್ಚನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು.

ಮೊದಲು ಪ್ರಕೃತಿ. ಗೋಧಿಯನ್ನು ಆಯುರ್ವೇದವು ಬಲಕರವೆಂದು, ಜೀವನೀಯವೆಂದು ಹೊಗಳಿದೆ; ಆ ಹೊಗಳಿಕೆ ಇಡೀ ಗೋಧಿಗೆ ಸಲ್ಲುವಂಥದು. ಮೈದಾ ಎಂಬುದು ಹೊಟ್ಟನ್ನೂ ಮೊಳಕೆಯ ಭಾಗವನ್ನೂ ಕಳೆದ ಗೋಧಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಘಟಕಗಳ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಮೈದಾದಲ್ಲಿ 3 ಗ್ರಾಂಗಿಂತ ಕಡಿಮೆ. ಗ್ಲೂಕೋಸನ್ನು 100 ಎಂದಿಟ್ಟು ರಕ್ತದ ಸಕ್ಕರೆಯನ್ನು ಏರಿಸುವ ವೇಗವನ್ನು ಅಳೆದರೆ ಬಿಳಿ ಬ್ರೆಡ್ಡಿನ ಅಂಕ 75ರ ಆಸುಪಾಸಿನಲ್ಲಿರುತ್ತದೆ. ಮಗು ಹತ್ತು ಗಂಟೆಗೆ ತಿಂದು ಹನ್ನೆರಡಕ್ಕೆ ಮತ್ತೆ ಹಸಿವೆನ್ನುವುದಕ್ಕೆ, ಮಲಬದ್ಧತೆಯಿಂದ ಬಳಲುವ ಮಕ್ಕಳು ಹೆಚ್ಚಾಗುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಕಂದು ಬ್ರೆಡ್ಡು ತಂದರೆ ಸಾಕೆಂಬ ನಂಬಿಕೆಯೂ ಪರೀಕ್ಷೆಗೆ ಅರ್ಹ. ಕಂದುಬಣ್ಣವು ಸುಟ್ಟ ಸಕ್ಕರೆಯಿಂದಲೂ ಬರುತ್ತದೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಮೊದಲು ಬರೆದಿರುವುದು ಸಂಸ್ಕರಿಸಿದ ಗೋಧಿಹಿಟ್ಟೋ ಸಂಪೂರ್ಣ ಗೋಧಿಹಿಟ್ಟೋ ನೋಡಿ, ಅನಂತರ ಕೊಳ್ಳಿರಿ. ಬ್ರೆಡ್ಡಿನ ಹಿಟ್ಟಿಗೆ ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧಿಸಲಾಯಿತು. ಬೂಷ್ಟು ಬಾರದಂತೆ ಕ್ಯಾಲ್ಸಿಯಂ ಪ್ರೊಪಿಯೊನೇಟನ್ನು ಬಳಸಲು ಅನುಮತಿ ಇದೆ. ಆದುದರಿಂದ ಬ್ರೆಡ್ಡನ್ನು ವಿಷವೆಂದು ಕರೆದು ಭಯ ಹುಟ್ಟಿಸುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಸಂಜೆಯ ರೊಟ್ಟಿಗೆ ಮರುದಿನ ಇರಲಾರದ ತಾಳ್ಮೆ ಪೊಟ್ಟಣದ ಬ್ರೆಡ್ಡಿಗೆ ಎಲ್ಲಿಂದ ಬಂತೆಂದು ಕೊಳ್ಳುವವರು ತಿಳಿದಿರಬೇಕು.

ಜೋಳಕ್ಕೂ ತನ್ನದೇ ಪ್ರಕೃತಿಯುಂಟು. ಅದು ರೂಕ್ಷ, ಎಂದರೆ ಒಣಗುಣದ್ದು, ವಾತವನ್ನು ಹೆಚ್ಚಿಸಬಲ್ಲದು. ಅದಕ್ಕೆಂದೇ ನಮ್ಮವರು ರೊಟ್ಟಿಯೊಡನೆ ಬೆಣ್ಣೆ, ಗುರೆಳ್ಳು, ಶೇಂಗಾ, ಅಗಸೆ, ಎಳ್ಳುಗಳಂಥ ಜಿಡ್ಡುಳ್ಳ ಪದಾರ್ಥಗಳನ್ನು ಜೊತೆಗೂಡಿಸಿದರು. ಇದೇ ಸಂಯೋಗದ ವಿವೇಕ. ಮಧುಮೇಹಿಗಳಿಗೆ ಒಂದು ಮಾತು: ರೊಟ್ಟಿಯೆಂಬ ಕಾರಣಕ್ಕೆ ಎಣಿಕೆ ಬಿಡಬಾರದು. ಜೋಳದಲ್ಲಿಯೂ ಪಿಷ್ಟವಿದೆ. ಎರಡು ರೊಟ್ಟಿಯ ಜಾಗದಲ್ಲಿ ನಾಲ್ಕು ತಿಂದವನಿಗೆ ಸಕ್ಕರೆ ಏರದೆ ಇರುವುದಿಲ್ಲ. ಹೊಟ್ಟೆಯ ಎರಡು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಒಂದು ಭಾಗ ವಾಯುವಿನ ಸಂಚಾರಕ್ಕೆ ಎಂದು ವಾಗ್ಭಟಾಚಾರ್ಯರು ಹೇಳಿದ ಅಳತೆ ರೊಟ್ಟಿಗೂ ಅನ್ವಯಿಸುತ್ತದೆ.

ಕಾಲದ ವಿಷಯದಲ್ಲಿ ನಮ್ಮ ಊರಿನವರು ಎಡವುತ್ತಿದ್ದಾರೆ. ಸಂಜೆ ಏಳೂವರೆಗೆ ಚೀಸ್ ತುಂಬಿದ ಸ್ಯಾಂಡ್‌ವಿಚ್ಚು, ಒಂಬತ್ತೂವರೆಗೆ ಮನೆಯಲ್ಲಿ ಯಥಾಪ್ರಕಾರ ಊಟ. ಮೊದಲು ತಿಂದುದು ಜೀರ್ಣವಾಗುವ ಮುನ್ನವೇ ಮತ್ತೆ ತಿನ್ನುವುದನ್ನು ಶಾಸ್ತ್ರವು ಅಧ್ಯಶನವೆಂದು ಕರೆದು ಎಚ್ಚರಿಸಿದೆ. ಹುಳಿತೇಗು, ಎದೆಯುರಿ, ನಿದ್ರಾಭಂಗವೆಂದು ಬರುವ ತರುಣರಿಗೆ ನಾವು ಮೊದಲು ಕೇಳುವ ಪ್ರಶ್ನೆ ಸಂಜೆಯ ತಿಂಡಿಯದು. ಸ್ಯಾಂಡ್‌ವಿಚ್ ತಿಂದಿರಾದರೆ ಅದನ್ನೇ ರಾತ್ರಿಯ ಊಟವೆಂದು ಎಣಿಸಿ, ಮೇಲೊಂದು ಲೋಟ ತಿಳಿಸಾರು ಕುಡಿದು ಮಲಗಿರಿ.

ತಿನ್ನುವ ನಿಯಮವೂ ಮುಖ್ಯ. ಬಿಸಿಯಾಗಿ, ತುಸು ಜಿಡ್ಡಿನಿಂದ ಕೂಡಿ, ಅತಿ ಅವಸರವೂ ಅತಿ ವಿಳಂಬವೂ ಇಲ್ಲದೆ, ಆಹಾರದಲ್ಲಿಯೇ ಮನಸ್ಸಿಟ್ಟು ಉಣ್ಣಬೇಕೆಂಬುದು ಆಚಾರ್ಯರ ಆದೇಶ. ಒಂದು ಕೈಯಲ್ಲಿ ಹಿಡಿಯಬಹುದಾದ ಆಹಾರದ ಅಪಾಯವೆಂದರೆ ಇನ್ನೊಂದು ಕೈ ಖಾಲಿಯಿರುತ್ತದೆ, ಆ ಕೈಗೆ ಮೊಬೈಲು ಬರುತ್ತದೆ. ಎಷ್ಟು ತಿಂದೆವೆಂಬುದು ಆಗ ತಿಳಿಯದು, ಅಗಿದೆವೋ ನುಂಗಿದೆವೋ ಎಂಬುದೂ ತಿಳಿಯದು. ಜೋಳದ ರೊಟ್ಟಿಯಾದರೋ ಅಗಿಯದೆ ಒಳಗೆ ಇಳಿಯದು.

ಕೂಡಬಾರದ ಕೂಟಗಳು

ವಿರುದ್ಧಾಹಾರದ ಬಗೆಗೆ ಆಯುರ್ವೇದ ಹೇಳಿರುವ ಎಚ್ಚರಿಕೆಗಳಲ್ಲಿ ಕೆಲವು ಸ್ಯಾಂಡ್‌ವಿಚ್ ಪ್ರಿಯರಿಗೆ ನೇರವಾಗಿ ಸಂಬಂಧಿಸಿವೆ.

ಮೊಸರನ್ನು ಬಿಸಿಮಾಡಿ ತಿನ್ನಬಾರದು, ರಾತ್ರಿಯಲ್ಲಿಯೂ ತಿನ್ನಬಾರದು. ಗಟ್ಟಿ ಮೊಸರಿಗೆ ತರಕಾರಿ ಬೆರೆಸಿ ಬ್ರೆಡ್ಡಿನ ನಡುವೆ ತುಂಬಿ ರಾತ್ರಿಯ ಹೊತ್ತು ಕಾಯಿಸುವ ಸ್ಯಾಂಡ್‌ವಿಚ್ ಈ ಎರಡು ನಿಷೇಧಗಳನ್ನೂ ಒಟ್ಟಿಗೆ ಮೀರುತ್ತದೆ. ಮೊಸರು ಬೇಕಾದವರು ಮಧ್ಯಾಹ್ನ, ಕಾಯಿಸದೆ, ಆರಿದ ರೊಟ್ಟಿಗೆ ಹಚ್ಚಿಕೊಂಡು ತಿನ್ನಲಿ.

ಜೇನುತುಪ್ಪಕ್ಕೆ ಬಿಸಿ ತಾಗಬಾರದು. ಹಂಚಿನಿಂದ ಇಳಿಸಿದ ಕೂಡಲೇ ಟೋಸ್ಟಿನ ಮೇಲೆ ಜೇನು ಸುರಿಯುವ ರೂಢಿಯನ್ನು ಬಿಡಬೇಕು. ಜೇನು ಮತ್ತು ತುಪ್ಪವನ್ನು ಸಮತೂಕದಲ್ಲಿ ಕೂಡಿಸುವುದೂ ವರ್ಜ್ಯ.

ಬಾಳೆಹಣ್ಣನ್ನು ಮೊಸರು, ಮಜ್ಜಿಗೆಗಳೊಡನೆ ಬೆರೆಸಬಾರದು. ಬಾಳೆಹಣ್ಣಿನ ಬಿಲ್ಲೆಗಳನ್ನಿಟ್ಟ ಸ್ಯಾಂಡ್‌ವಿಚ್ ತಿಂದು ಮೇಲೊಂದು ಲೋಟ ಲಸ್ಸಿ ಕುಡಿಯುವವರು ಇದನ್ನು ಗಮನಿಸಬೇಕು. ಕಫದ ಬಾಧೆ, ಮೂಗು ಸೋರುವಿಕೆ ಇರುವ ಮಕ್ಕಳಿಗಂತೂ ಇದು ಬೇಡವೇ ಬೇಡ.

ಇನ್ನು ಉಪ್ಪು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬ್ರೆಡ್ಡಿನಲ್ಲಿ ಉಪ್ಪುಂಟು, ಚೀಸಿನಲ್ಲಿ ಉಪ್ಪುಂಟು, ಸಾಸಿನಲ್ಲಿ ಉಪ್ಪುಂಟು, ಮಾರಾಟದ ಬೆಣ್ಣೆಯಲ್ಲಿಯೂ ಉಪ್ಪುಂಟು. ನಮ್ಮ ಚಟ್ನಿಪುಡಿ, ಉಪ್ಪಿನಕಾಯಿಗಳೂ ಇದಕ್ಕೆ ಹೊರತಲ್ಲ. ರಕ್ತದೊತ್ತಡವುಳ್ಳವರು ಮನೆಯಲ್ಲಿಯೇ ಉಪ್ಪು ತಗ್ಗಿಸಿ ಚಟ್ನಿಪುಡಿ ಕುಟ್ಟಿಸಿಕೊಳ್ಳಬೇಕು.

ಬ್ರೆಡ್ಡು ರೋಗಿಯ ಆಹಾರವೇ?

ನಮ್ಮ ಭಾಗದಲ್ಲಿ ಒಂದು ರೂಢಿ ಬೇರೂರಿದೆ. ಜ್ವರ ಬಂದರೆ ಬ್ರೆಡ್ಡು, ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ. ಹಗುರವೆಂಬ ಭಾವನೆಯಿಂದ ಹುಟ್ಟಿದ ರೂಢಿಯದು. ಕೈಗೆ ಹಗುರವಾದುದೆಲ್ಲ ಜಠರಾಗ್ನಿಗೆ ಹಗುರವಲ್ಲ. ಅಗ್ನಿ ಕುಂದಿದಾಗ ಆಯುರ್ವೇದವು ಹೇಳುವುದು ಗಂಜಿಯ ಕ್ರಮವನ್ನು. ಮೊದಲು ಅಕ್ಕಿಯ ತಿಳಿ, ಅನಂತರ ತೆಳುಗಂಜಿ, ಆಮೇಲೆ ಗಟ್ಟಿಗಂಜಿ. ಹಸಿವು ಚಿಗುರಿದಂತೆ ಮೆತ್ತನೆಯ ಅನ್ನ, ಹೆಸರುಬೇಳೆಯ ಕಟ್ಟು. ಜ್ವರದಿಂದ ಎದ್ದವರಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿಗಿಂತ ಶುಂಠಿ, ಜೀರಿಗೆ ಹಾಕಿದ ಗಂಜಿ ಹಿತಕರವೆಂಬುದು ನಮ್ಮ ದೃಢವಾದ ಅಭಿಪ್ರಾಯ. ರೋಗಿಯನ್ನು ಕಾಣಲು ಹೋಗುವ ಭಕ್ತರು ಇನ್ನು ಮುಂದೆ ಒಂದು ಬುಡ್ಡಿ ಬಿಸಿಗಂಜಿಯನ್ನು ಒಯ್ದರೆ ಅದು ನಿಜವಾದ ದಾಸೋಹ.

ಮಾಡುವ ಮೂರು ಬಗೆಗಳು

ಉಪದೇಶ ಸಾಕು, ಇನ್ನು ಹಂಚಿನ ಬಳಿಗೆ ಬರೋಣ.

ಮೊದಲನೆಯದು ಜೋಳದ ರೊಟ್ಟಿಯ ಮಡಿಕೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಹಿಗ್ಗುವ ಅಂಟು ಇಲ್ಲವಾದ ಕಾರಣ ತಣ್ಣೀರಿನಲ್ಲಿ ಕಲಸಿದರೆ ಮಡಚುವಾಗ ಸೀಳುತ್ತದೆ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ಹೊಸದಾಗಿ ಕಲಿಯುವವರು ನಾಲ್ಕು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಗೋಧಿಹಿಟ್ಟು ಸೇರಿಸಬಹುದು. ರೊಟ್ಟಿಯನ್ನು ಎಂದಿನ ಅಗಲಕ್ಕೆ ಬಡಿಯದೆ ಅಂಗೈಗಿಂತ ತುಸು ದೊಡ್ಡದಾಗಿ ಬಡಿದು, ಕಟಕಲಾಗದಂತೆ ಮೆತ್ತಗೆ ಸುಡಬೇಕು. ಬಿಸಿಯಲ್ಲಿಯೇ ಒಂದು ಚಮಚ ಬೆಣ್ಣೆ ಸವರಿ, ಒಂದು ಚಮಚ ಗುರೆಳ್ಳು ಅಥವಾ ಶೇಂಗಾ ಚಟ್ನಿಪುಡಿ ಉದುರಿಸಿ, ಮೇಲೆ ಎರಡು ಚಮಚ ಗಟ್ಟಿಯಾದ ಹೆಸರುಕಾಳಿನ ಪಲ್ಯ, ಸಣ್ಣಗೆ ಹೆಚ್ಚಿದ ಎಳೆಯ ಮೆಂತ್ಯಸೊಪ್ಪು, ಈರುಳ್ಳಿ ಹಾಕಿ ಅರ್ಧಕ್ಕೆ ಮಡಚಿರಿ. ವ್ರತದಲ್ಲಿರುವವರು ಈರುಳ್ಳಿಯ ಬದಲು ಸೌತೆಕಾಯಿ ಹಾಕಬಹುದು. ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಟ್ಟರೆ ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ.

ಎರಡನೆಯದು ಚಪಾತಿಯ ಸುರುಳಿ. ಜರಡಿ ಹಿಡಿಯದ ಗೋಧಿಹಿಟ್ಟಿನ ಚಪಾತಿಗೆ ತುಪ್ಪ ಸವರಿ, ಮೊಳಕೆಕಾಳಿನ ಪಲ್ಯ, ತುರಿದ ಗಜ್ಜರಿ, ಸ್ವಲ್ಪ ಹುರಿದ ಎಳ್ಳು ಹಾಕಿ ಬಿಗಿಯಾಗಿ ಸುತ್ತಬೇಕು. ಮೊಳಕೆಕಾಳನ್ನು ಹಸಿಯಾಗಿ ಹಾಕಕೂಡದು. ಅದು ಜೀರ್ಣಕ್ಕೆ ಭಾರ, ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಹಬೆಯಲ್ಲಿ ಬೇಯಿಸಿ, ಶುಂಠಿ, ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟ ಮೇಲೆ ಬಳಸಿರಿ. ಹಲ್ಲಿಲ್ಲದ ಹಿರಿಯರಿಗೂ ಈ ಸುರುಳಿ ಒಗ್ಗುತ್ತದೆ. ಕಾಳನ್ನು ತುಸು ಮಸೆದುಕೊಂಡರೆ ಸಾಕು.

ಮೂರನೆಯದು, ಬ್ರೆಡ್ಡೇ ಬೇಕೆಂದಾಗ. ಸಂಪೂರ್ಣ ಗೋಧಿಯ ಎರಡು ಹೋಳುಗಳನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಕಾಯಿಸಿ. ಕಪ್ಪಾಗುವವರೆಗೆ ಬಿಡುವುದು ಆರೋಗ್ಯಕ್ಕೂ ರುಚಿಗೂ ಒಳ್ಳೆಯದಲ್ಲ. ಕೊತ್ತಂಬರಿ, ಪುದೀನ, ಹಸಿಶುಂಠಿ, ಜೀರಿಗೆ, ನಿಂಬೆರಸಗಳ ಚಟ್ನಿಯನ್ನು ನೀರು ಹಾಕದೆ ಅರೆದಿಟ್ಟುಕೊಳ್ಳಿ. ಡಬ್ಬಿಗೆ ಕಟ್ಟುವ ಸ್ಯಾಂಡ್‌ವಿಚ್ ಒದ್ದೆಯಾಗುವುದೇ ತಾಯಂದಿರ ದೊಡ್ಡ ತಕರಾರು. ಉಪ್ಪು ತಾಗಿದ ಸೌತೆ, ಟೊಮ್ಯಾಟೊಗಳು ನೀರು ಬಿಡುವುದರಿಂದ ಹೀಗಾಗುತ್ತದೆ. ಎರಡೂ ಹೋಳುಗಳ ಒಳಮೈಗೆ ಬೆಣ್ಣೆಯನ್ನು ಅಂಚಿನವರೆಗೆ ಸವರಿದರೆ ಆ ಜಿಡ್ಡಿನ ಪದರ ನೀರನ್ನು ತಡೆಯುತ್ತದೆ. ಟೊಮ್ಯಾಟೊದ ತಿರುಳು ತೆಗೆದು ಗಟ್ಟಿಭಾಗವನ್ನಷ್ಟೇ ಬಳಸಿ. ಉಪ್ಪನ್ನು ತರಕಾರಿಗೆ ಹಾಕದೆ ಚಟ್ನಿಯಲ್ಲಿಯೇ ಸೇರಿಸಿ. ಸಂಸ್ಕರಿಸಿದ ಚೀಸಿನ ಬದಲು ಮನೆಯಲ್ಲಿ ಒಡೆಸಿದ ಹಾಲಿನ ತಾಜಾ ಪನೀರನ್ನು ಪುಡಿಮಾಡಿ, ಮೆಣಸಿನಪುಡಿ ಬೆರೆಸಿ ತೆಳುವಾಗಿ ಹರಡಬಹುದು. ಡಬ್ಬಿಗಲ್ಲ, ಮನೆಯಲ್ಲಿ ಮಾಡಿದ ಕೂಡಲೇ ತಿನ್ನುವುದಾದರೆ ಮಾತ್ರ.

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಹಸಿ ತೆಂಗಿನಕಾಯಿ ಚಟ್ನಿ, ಪನೀರು, ಹಿಂದಿನ ದಿನದ ಆಲೂಗಡ್ಡೆ ಪಲ್ಯಗಳನ್ನು ಮಕ್ಕಳ ಡಬ್ಬಿಗೆ ಹಾಕಲೇಬಾರದು. ಬೆಳಗ್ಗೆ ಎಂಟಕ್ಕೆ ಕಟ್ಟಿದ್ದು ಮಧ್ಯಾಹ್ನ ಒಂದಕ್ಕೆ ಹಳಸಿರುತ್ತದೆ. ಒಣ ಚಟ್ನಿಪುಡಿ ಆ ಕಾಲಕ್ಕೆ ಹೇಳಿಮಾಡಿಸಿದ ಹೂರಣ. ನಮ್ಮ ಸೀಮೆಯ ಅಡುಗೆಮನೆಗಳು ಇಷ್ಟೊಂದು ಬಗೆಯ ಚಟ್ನಿಪುಡಿಗಳನ್ನು ಸುಮ್ಮನೆ ಬೆಳೆಸಿಕೊಂಡು ಬರಲಿಲ್ಲ.

ರೊಟ್ಟಿ ಬಡಿಯುವವರು ಯಾರು?

ಈ ಪ್ರಶ್ನೆಯನ್ನು ಬಿಟ್ಟು ರೊಟ್ಟಿಯ ಗುಣಗಾನ ಮಾಡುವುದು ಪ್ರಾಮಾಣಿಕತೆಯಲ್ಲ. ಬೆಳಗ್ಗೆ ಎಂಟೂವರೆಗೆ ಬ್ಯಾಂಕಿಗೋ ಶಾಲೆಗೋ ಆಸ್ಪತ್ರೆಗೋ ಕೆಲಸಕ್ಕೆ ಹೊರಡುವ ಸೊಸೆಯ ಮುಂದೆ ರೊಟ್ಟಿಯ ಮಹಿಮೆ ಹೇಳಿ ನಾವು ಎದ್ದುಬಂದರೆ, ಆಕೆಗೆ ಕಾಣುವುದು ಐದು ಗಂಟೆಗೆ ಏಳಬೇಕಾದ ಇನ್ನೊಂದು ಕಾರಣ ಮಾತ್ರ. ಬ್ರೆಡ್ಡು ಮನೆಯೊಳಗೆ ಬಂದುದಕ್ಕೆ ನಾಲಗೆಯ ಚಾಪಲ್ಯಕ್ಕಿಂತ ಸಮಯದ ಅಭಾವವೇ ಹೆಚ್ಚಿನ ಕಾರಣ. ಹೊಲವೂ ಬದಲಾಗಿದೆ. ನಮ್ಮ ಜಿಲ್ಲೆಯಲ್ಲಿ ಇಂದು ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ, ಭದ್ರಾ ನಾಲೆಯ ನೀರು ಹರಿದಲ್ಲಿ ಭತ್ತ. ಊಟದ ಬಿಳಿಜೋಳವನ್ನು ನಮ್ಮಲ್ಲಿ ಹಲವರು ಅಂಗಡಿಯಿಂದಲೇ ಕೊಳ್ಳುತ್ತೇವೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆದರೆ ಆ ಆಚರಣೆ ಸಮಾರಂಭಗಳಲ್ಲಿ ಉಳಿದಷ್ಟು ಮನೆಗಳ ಹಂಚಿನ ಮೇಲೆ ಉಳಿಯಲಿಲ್ಲ.

ನಮಗೆ ತೋರುವ ದಾರಿಗಳು ಎರಡು. ಮೊದಲನೆಯದು, ಮನೆಯ ಗಂಡಸರೂ ರೊಟ್ಟಿ ಬಡಿಯಲು ಕಲಿಯಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಒಪ್ಪಿದವರಿಗೆ ಹಂಚಿನ ಮುಂದೆ ನಿಲ್ಲುವುದು ಕಠಿಣವಾಗಬಾರದು. ನಿವೃತ್ತರಾದ ಅಜ್ಜಂದಿರು ಬೆಳಗಿನ ವಾಯುಸೇವನೆ ಮುಗಿಸಿ ಬಂದು ಮೊಮ್ಮಗನ ಡಬ್ಬಿಗೆ ಚಟ್ನಿಪುಡಿ ಹಚ್ಚಿ ರೊಟ್ಟಿ ಮಡಚಿದರೆ ಯಾವ ಗೌರವಕ್ಕೂ ಕುಂದಿಲ್ಲ. "ಕೊಡಬಾರದು ಅಂತ ಹೇಳ್ರಿ" ಎಂದು ನಮ್ಮನ್ನು ಕೇಳುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ.

ಎರಡನೆಯದು, ರೊಟ್ಟಿ ಬಡಿದು ಮಾರಿ ಜೀವನ ನಡೆಸುವ ತಾಯಂದಿರು ನಮ್ಮ ಊರಿನ ಓಣಿಗಳಲ್ಲಿದ್ದಾರೆ. ಬ್ರೆಡ್ಡಿನ ಪೊಟ್ಟಣಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಅವರಿಗೆ ಕೊಟ್ಟು, ಮೆತ್ತನೆಯ ಸಣ್ಣ ರೊಟ್ಟಿ ಬೇಕೆಂದು ಹೇಳಿ ಮಾಡಿಸಿಕೊಳ್ಳಿ. ಐದಾರು ಮನೆಗಳವರು ಕೂಡಿ ವಾರಕ್ಕೆ ಇಂತಿಷ್ಟೆಂದು ಗೊತ್ತುಪಡಿಸಿದರೆ ಆ ತಾಯಿಗೆ ನಿಶ್ಚಿತವಾದ ದುಡಿಮೆ, ಸೊಸೆಗೆ ಒಂದು ಗಂಟೆಯ ಬಿಡುವು, ಮಗುವಿಗೆ ತಾಜಾ ರೊಟ್ಟಿ.

ಕಾಲುಭಾಗದ ಕ್ರಮ

ಇಷ್ಟು ಓದಿದವರು ನಾಳೆಯೇ ಬ್ರೆಡ್ಡನ್ನು ಮನೆಯಿಂದ ಹೊರಹಾಕಬೇಕೆಂದು ನಾವು ಹೇಳುತ್ತಿಲ್ಲ. ಅಭ್ಯಾಸವಾದುದನ್ನು ಒಮ್ಮೆಗೇ ಬಿಡಬಾರದು, ಕಾಲುಭಾಗದ ಲೆಕ್ಕದಲ್ಲಿ ಬಿಡುತ್ತ, ಹಿತವಾದುದನ್ನು ಅದೇ ಲೆಕ್ಕದಲ್ಲಿ ರೂಢಿಸಿಕೊಳ್ಳಬೇಕೆಂದು ಚರಕಾಚಾರ್ಯರು ಹೇಳಿದ್ದಾರೆ. ಮಕ್ಕಳ ನಾಲಗೆಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸಾಕ್ರಮವಿಲ್ಲ. ವಾರಕ್ಕೆ ನಾಲ್ಕು ದಿನ ಬ್ರೆಡ್ಡು ಹೋಗುವ ಡಬ್ಬಿಯಲ್ಲಿ ಮೊದಲು ಒಂದು ದಿನ ರೊಟ್ಟಿಯ ಮಡಿಕೆ ಇರಲಿ. ಮಗು ಒಗ್ಗಿಕೊಂಡ ಮೇಲೆ ಎರಡು ದಿನವಾಗಲಿ, ಅನಂತರ ಮೂರು. ಉಳಿದ ಒಂದು ದಿನ ಬ್ರೆಡ್ಡಿನ ಸ್ಯಾಂಡ್‌ವಿಚ್ಚೇ ಇರಲಿ. ಗೆಳೆಯರ ನಡುವೆ ತನ್ನ ಡಬ್ಬಿ ಬೇರೆಯೆಂಬ ಸಂಕೋಚ ಮಗುವಿಗೆ ಬರಬಾರದು.

ಬೇಸಿಗೆಯ ರಜೆಯಲ್ಲಿ ಮಕ್ಕಳು ಮನೆಯಲ್ಲಿಯೇ ಇರುತ್ತಾರೆ. ಆ ದಿನಗಳಲ್ಲಿ ರೊಟ್ಟಿ, ನಾಲ್ಕು ಬಗೆಯ ಚಟ್ನಿಪುಡಿ, ಎರಡು ಪಲ್ಯ, ಹೆಚ್ಚಿದ ತರಕಾರಿಗಳನ್ನು ಮುಂದಿಟ್ಟು, ನಿನಗೆ ಬೇಕಾದಂತೆ ತುಂಬಿ ಮಡಚಿಕೋ ಎಂದು ಹೇಳಿ ನೋಡಿ. ತಾನೇ ಮಾಡಿದುದನ್ನು ಮಗು ಬೇಡವೆನ್ನುವುದು ಅಪರೂಪ. ಶಾಲೆ ತೆರೆಯುವ ಹೊತ್ತಿಗೆ ಯಾವ ಹೂರಣ ಡಬ್ಬಿಗೆ ಸರಿಯೆಂಬುದು ತಾಯಿಗೂ ಮಗುವಿಗೂ ತಿಳಿದಿರುತ್ತದೆ. ಆಗ ಅಜ್ಜಿಯೂ ಸೊಸೆಯೂ ಈ ವ್ಯಾಜ್ಯವನ್ನು ನಮ್ಮ ಬಳಿಗೆ ತರಬೇಕಾಗಿಲ್ಲ.